ಟ್ರೇಲರ್ ಅಡ್ಡ ಓಡುತ್ತಿದೆ, ಸ್ಪ್ರಿಂಗ್ ಪ್ಲೇಟ್ ಮುರಿದಿದೆ. ಶಿರಾಡಿ ಘಾಟಿ ಇಳಿಸಬಹುದಾ?

ಎರಡನೇ ಗೇರ್ · ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಬೇಗ ಉತ್ತರ ಬೇಕಿತ್ತು.

ಹಾಸನದ ಕಾಫಿ ಕ್ಯೂರಿಂಗ್‌ನಲ್ಲಿ ಇಪ್ಪತ್ತು ಅಡಿ ಬಾಕ್ಸ್ (ಕಂಟೇನರ್) ತುಂಬಿಸಿಕೊಂಡು ಪಣಂಬೂರು ಬಂದರಿಗೆ ಹೊರಟಿದ್ದೇನೆ. 320 ಚೀಲ, ಚೀಲಕ್ಕೆ 60 ಕೆಜಿ. ಕಾಫಿಯೇ 19 ಟನ್ ದಾಟಿತು, ಬಾಕ್ಸ್ ತೂಕ ಬೇರೆ. ನಲವತ್ತು ಅಡಿ ಟ್ರೇಲರ್, ಮೂರು ಆಕ್ಸಲ್. ಚೀಲ ತುಂಬಲು ಬಾಗಿಲು ಗೋದಾಮಿನ ಕಡೆ ಬರಬೇಕಲ್ಲ, ಹಾಗಾಗಿ ಬಾಕ್ಸ್ ಪೂರ್ತಿ ಹಿಂದಕ್ಕೆ ಕೂತಿದೆ.

ಪಾಳ್ಯ ದಾಟಿದ ಮೇಲೆ ಎಡಗಡೆ ಕನ್ನಡಿಯಲ್ಲಿ ಟ್ರೇಲರ್ ಹಿಂಭಾಗ ಜಾಸ್ತಿ ಕಾಣಲು ಶುರುವಾಯಿತು. ಬಲಗಡೆ ಅಷ್ಟೇ ಕಡಿಮೆ. ಮೊದಲು ಕನ್ನಡಿ ಅಲುಗಾಡಿರಬೇಕು ಅಂದುಕೊಂಡು ಸರಿ ಮಾಡಿದೆ. ಮತ್ತೆ ಅದೇ. ಬಾಳ್ಳುಪೇಟೆಗೆ ಎರಡು ಕಿಮೀ ಇರುವಾಗ ಪಕ್ಕಕ್ಕೆ ಹಾಕಿ ಟಾರ್ಚ್ ಬಿಟ್ಟರೆ, ಎಡಗಡೆ ನಡುವಿನ ಆಕ್ಸಲ್‌ನ ಪ್ಲೇಟ್ ಕಟ್ಟಿನಲ್ಲಿ ಮೇಲಿನ ಪ್ಲೇಟೇ ಮುರಿದಿದೆ.

ಮಾಲೀಕರಿಗೆ ಫೋನ್ ಮಾಡಿದೆ. 'ನಿಧಾನವಾಗಿ ಇಳಿಸು, ನಾಳೆ ಮಧ್ಯಾಹ್ನದೊಳಗೆ ಬಾಕ್ಸ್ ಗೇಟ್ ಒಳಗಿರಬೇಕು, ಪ್ಲೇಟ್ ಮಂಗಳೂರಲ್ಲಿ ಹಾಕಿಸೋಣ' ಅಂದರು. ಇಪ್ಪತ್ತರ ಸ್ಪೀಡಲ್ಲಿ ಘಾಟಿ ಇಳಿಸಬಹುದಾ? ಹೀಗೆ ಇಳಿಸಿದವರು ಯಾರಾದರೂ ಇದ್ದೀರಾ?

ಲೈನ್ ರಾಜ · ರಾತ್ರಿ 9:46

ಇಷ್ಟಕ್ಕೆಲ್ಲ ಹೆದರುತ್ತಾರಾ? ಹಿರಿಯೂರಿನಲ್ಲಿ ಪ್ಲೇಟ್ ಹೋಯಿತು, ಮರದ ತುಂಡು ಕೊಟ್ಟು ಚೈನ್ ಬಿಗಿದು ಪುಣೆವರೆಗೆ ಹೋಗಿದ್ದೇನೆ. ಏನೂ ಆಗಲಿಲ್ಲ. ಕಟ್ಟಿ ಎಳಿ.

ಹಳೇ ಸ್ಟೇರಿಂಗ್ · ರಾತ್ರಿ 9:52

ರಾಜ, ನಿನಗೆ ಏನೂ ಆಗಲಿಲ್ಲ ಅನ್ನೋದು ನಿನ್ನ ಅದೃಷ್ಟದ ಲೆಕ್ಕ, ಚೈನಿನ ಲೆಕ್ಕ ಅಲ್ಲ. ಪುಣೆ ಹತ್ತಿರ ಕಾತ್ರಜ್ ಸುರಂಗ ದಾಟಿದ ಮೇಲೆ ನವಲೆ ಸೇತುವೆ ಕಡೆ ಇಳಿಜಾರು ಹೇಗಿದೆ ಅಂತ ನಿನಗೂ ಗೊತ್ತು. 2022ರ ನವೆಂಬರ್‌ನಲ್ಲಿ ಅಲ್ಲಿ ಒಂದೇ ರಾತ್ರಿ, ಒಂದೇ ಲಾರಿ ಹತ್ತಾರು ಗಾಡಿಗಳಿಗೆ ಗುದ್ದಿತು.

ತಮ್ಮಾ ಎರಡನೇ ಗೇರ್, ಮೊದಲು ಇದು ಹೇಳು. ಈಗ ಎಲ್ಲಿ ನಿಂತಿದ್ದೀಯ? ರಸ್ತೆ ಮೇಲಾ, ಮಣ್ಣಿನ ಮೇಲಾ? ಹಿಂದೆ ಏನು ಇಟ್ಟಿದ್ದೀಯ? ಮಂಜು ಇದೆಯಾ?

ಎರಡನೇ ಗೇರ್ · ರಾತ್ರಿ 9:58

ಅರ್ಧ ಟಾರು, ಅರ್ಧ ಮಣ್ಣು ಅಣ್ಣ. ಎಡಗಡೆ ಇನ್ನೂ ಇಳಿಸಿದರೆ ಹೂತುಹೋಗುತ್ತದೆ ಅಂತ ಇಳಿಸಲಿಲ್ಲ. ಮಂಜು ಸಣ್ಣಗೆ ಬರುತ್ತಿದೆ. ನಾಲ್ಕೂ ಇಂಡಿಕೇಟರ್ ಹಾಕಿದ್ದೇನೆ. ಕ್ಲೀನರ್ ಹುಡುಗ ಮರದ ಕೊಂಬೆ ಮುರಿದು ಇಟ್ಟಿದ್ದಾನೆ.

ಹಳೇ ಸ್ಟೇರಿಂಗ್ · ರಾತ್ರಿ 10:01

ಕೊಂಬೆ ಇರಲಿ, ಆದರೆ ಅದು ರಾತ್ರಿ ಹೊಳೆಯಲ್ಲ. ಕ್ಯಾಬಿನ್ನಲ್ಲಿ ತ್ರಿಕೋನ ಇರುತ್ತದೆ ನೋಡು, ಎಫ್‌ಸಿಗೆ (ಫಿಟ್‌ನೆಸ್ ತಪಾಸಣೆಗೆ) ತೋರಿಸಿ ಸೀಟ್ ಕೆಳಗೆ ಹಾಕಿರುತ್ತೀರಲ್ಲ, ಅದನ್ನು ತೆಗೆ. ನೂರು ಹೆಜ್ಜೆಗಿಂತ ಹಿಂದೆ ಇಡು. ಹತ್ತು ಅಡಿ ಹಿಂದೆ ಇಟ್ಟರೆ ಅದೂ ಟ್ರೇಲರೂ ಒಟ್ಟಿಗೇ ಕಾಣುತ್ತವೆ, ಪ್ರಯೋಜನ ಇಲ್ಲ. ಹಿಂದಿನ ಕೆಂಪು ರಿಫ್ಲೆಕ್ಟರ್ ಪಟ್ಟಿ ಮೇಲೆ ಕೆಸರು ಕೂತಿರುತ್ತದೆ, ಒಂದು ಬಟ್ಟೆ ತಗೊಂಡು ಒರೆಸು. ಎರಡು ನಿಮಿಷದ ಕೆಲಸ.

ಹುಡುಗನನ್ನು ಟ್ರೇಲರ್ ಹಿಂದೆ ನಿಲ್ಲಿಸಬೇಡ. ರಸ್ತೆಯಿಂದ ಆಚೆ ನಿಂತು ಟಾರ್ಚ್ ಬೀಸಲಿ.

ಮತ್ತೆ ಒಂದು ಮಾತು. ಗಾಲಿಗೆ ಕಲ್ಲು ಕೊಟ್ಟಿದ್ದರೆ ಹೊರಡುವಾಗ ತೆಗೆದು ಆಚೆ ಎಸೆಯಿರಿ. ನಮ್ಮ ಜನ ಗಾಡಿ ತಗೊಂಡು ಹೋಗುತ್ತಾರೆ, ಕಲ್ಲು ರಸ್ತೆಯಲ್ಲೇ ಬಿಡುತ್ತಾರೆ. ಆಮೇಲೆ ಬೈಕಿನವನು ಬಂದು ಬೀಳುತ್ತಾನೆ.

ಪ್ಲೇಟ್ ಕೆಲಸ · ರಾತ್ರಿ 10:09

ನಾನು ಬೈಕಂಪಾಡಿ ಕಡೆ ಟ್ರೇಲರ್ ಸಸ್ಪೆನ್ಷನ್ ಕೆಲಸ ಮಾಡುವವ. ಮಾರಾಯ್ರೆ, ಒಂದು ವಿಷಯ ತಲೆಗೆ ಹಾಕಿಕೊಳ್ಳಿ. ಪ್ಲೇಟ್ ಮುರಿದರೆ ಟ್ರೇಲರ್ ವಾಲುತ್ತದೆ. ಅಡ್ಡ ಓಡುವುದಿಲ್ಲ. ನಿಮ್ಮದು ಅಡ್ಡ ಓಡುತ್ತಿದೆ ಅಂದರೆ ಆಕ್ಸಲ್ ಜಾಗ ಬಿಟ್ಟಿದೆ.

ಈ ಟ್ರೇಲರ್‌ಗಳಲ್ಲಿ ಪ್ಲೇಟ್ ಕಟ್ಟಿನ ತುದಿ, ಚಾಸಿಸ್‌ಗೆ ವೆಲ್ಡ್ ಮಾಡಿದ ಹ್ಯಾಂಗರ್ ಒಳಗೆ ಸುಮ್ನೆ ಜಾರಿಕೊಂಡು ಕೂತಿರುತ್ತದೆ. ಭಾರ ಹೊರುವುದು ಪ್ಲೇಟು. ಆಕ್ಸಲ್ ಹಿಂದೆ ಮುಂದೆ ಹೋಗದ ಹಾಗೆ ಹಿಡಿಯುವುದು ಟಾರ್ಕ್ ಆರ್ಮ್. ಆಕ್ಸಲನ್ನೂ ಪ್ಲೇಟನ್ನೂ ಸೇರಿಸಿ ಕಟ್ಟುವುದು ಯು ಬೋಲ್ಟು. ಮೂರರ ಕೆಲಸ ಬೇರೆ ಬೇರೆ. ನೀವು ನೋಡಿದ್ದು ಮೊದಲನೆಯದು ಮಾತ್ರ. ಉಳಿದ ಎರಡು ನೋಡಿ ಹೇಳಿ.

ಒಂದು ಹಗ್ಗ ತಗೊಳ್ಳಿ. ಮುಂದಿನ ಆಕ್ಸಲ್‌ನ ಹಬ್ ನಡುವಿನಿಂದ ನಡುವಿನ ಆಕ್ಸಲ್‌ನ ಹಬ್‌ವರೆಗೆ ಎಡಗಡೆ ಅಳೆಯಿರಿ, ಗಂಟು ಹಾಕಿ. ಅದೇ ಹಗ್ಗ ಬಲಗಡೆ ಹಿಡಿಯಿರಿ. ಗಂಟು ಎಲ್ಲಿ ಬರುತ್ತದೆ?

ಯು ಬೋಲ್ಟಿನ ನಟ್ ಸುತ್ತ ಟಾರ್ಚ್ ಬಿಡಿ. ಕುಂಕುಮ ಉದುರಿದ ಹಾಗೆ ಕೆಂಪು ಪುಡಿ ಇದ್ದರೆ ಅದು ಸಡಿಲ ಆಗಿ ಎಷ್ಟೋ ದಿನ ಆಗಿದೆ ಅಂತ ಅರ್ಥ.

ಬ್ರೇಕಿನ ರಬ್ಬರ್ ಪೈಪ್ ಎಡಗಡೆ ಹೇಗಿದೆ ನೋಡಿ. ಇದನ್ನೆಲ್ಲ ಪಕ್ಕದಿಂದ ಬಗ್ಗಿ ನೋಡಿ. ಜಾಕಿ ಕೊಟ್ಟು ಕೆಳಗೆ ಮಲಗುವುದು ಬೇಡ, ಮಣ್ಣಿನ ಮೇಲೆ ಅಂತೂ ಬೇಡವೇ ಬೇಡ.

ಎರಡನೇ ಗೇರ್ · ರಾತ್ರಿ 10:34

ನೋಡಿದೆ ಅಣ್ಣ.

ಎಡಗಡೆ ಹಾಕಿದ ಗಂಟು ಬಲಗಡೆ ಹಬ್ ದಾಟಿ ಒಂದೂವರೆ ಬೆರಳು ಹಿಂದಕ್ಕೆ ಬಂತು. ಅಂದರೆ ಎಡಗಡೆ ಆಕ್ಸಲ್ ಹಿಂದಕ್ಕೆ ಹೋಗಿದೆ.

ಕೆಂಪು ಪುಡಿ ಇದೆ. ನಾಲ್ಕು ನಟ್‌ಗಳಲ್ಲಿ ಎರಡರ ಸುತ್ತ. ಒಂದನ್ನು ಕೈಯಲ್ಲೇ ಸ್ವಲ್ಪ ತಿರುಗಿಸಲು ಆಯಿತು. ಕೈಯಲ್ಲೇ!

ಟಾರ್ಕ್ ಆರ್ಮ್‌ನ ಮುಂದಿನ ಬುಷ್‌ನಲ್ಲಿ (ಬೋಲ್ಟ್ ಸುತ್ತ ಕೂರುವ ಬಳೆ) ರಬ್ಬರೇ ಇಲ್ಲ. ಕರಿ ಪುಡಿ ಮಾತ್ರ. ಕಬ್ಬಿಣಕ್ಕೆ ಕಬ್ಬಿಣ ಹೊಡೆದು ಬೋಲ್ಟ್ ತೂತು ಮೊಟ್ಟೆ ಆಕಾರಕ್ಕೆ ಬಂದಿದೆ. ಬ್ರೇಕ್ ಪೈಪ್ ತಂತಿ ಹಾಗೆ ಬಿಗಿದುಕೊಂಡಿದೆ.

ಬೆಳಿಗ್ಗೆ ಹೊರಡುವಾಗ ಟೈರಿಗೆ ಕೋಲಿನಲ್ಲಿ ಹೊಡೆದು ನೋಡಿದ್ದೆ. ಇದನ್ನು ನೋಡಲಿಲ್ಲ.

ಪ್ಲೇಟ್ ಕೆಲಸ · ರಾತ್ರಿ 10:41

ಹಾಗಾದರೆ ಘಾಟಿ ಇಳಿಸುವ ಮಾತು ಇಲ್ಲಿಗೇ ಮುಗಿಯಿತು. ಪ್ಲೇಟ್ ಮುರಿದದ್ದು ಕೊನೆಗೆ ಆದದ್ದು. ಬುಷ್ ಮೊದಲು ಹೋಗಿದೆ. ಬ್ರೇಕ್ ಒತ್ತಿದಾಗೆಲ್ಲ ಆಕ್ಸಲ್ ಹಿಂದೆ ಮುಂದೆ ಜಗ್ಗಿದೆ. ಆ ಜಗ್ಗಾಟಕ್ಕೆ ಯು ಬೋಲ್ಟ್ ಸಡಿಲ ಆಗಿದೆ. ಯು ಬೋಲ್ಟ್ ಸಡಿಲ ಆದ ಮೇಲೆ ಪ್ಲೇಟ್ ಎಷ್ಟು ದಿನ ತಡೆಯುತ್ತದೆ? ಒಳಗೆ ಪ್ಲೇಟ್‌ಗಳನ್ನು ನಡುವೆ ಹಿಡಿಯುವ ಸೆಂಟರ್ ಬೋಲ್ಟ್ ಕೂಡ ತುಂಡಾಗಿರಬಹುದು, ಬಿಚ್ಚಿದರೆ ಗೊತ್ತಾಗುತ್ತದೆ.

ರಾಜ ಅವರು ಹೇಳಿದ ಚೈನ್ ಪ್ಲೇಟಿನ ಭಾರವನ್ನು ಸ್ವಲ್ಪ ಹೊರಬಹುದು. ಆಕ್ಸಲ್ ತಿರುಗುವುದನ್ನು ಅದು ಹಿಡಿಯುವುದಿಲ್ಲ.

ಲೈನ್ ರಾಜ · ರಾತ್ರಿ 10:44

ನನ್ನದು ಬರೀ ಪ್ಲೇಟ್ ಹೋಗಿತ್ತು. ಯು ಬೋಲ್ಟ್ ಗಟ್ಟಿ ಇತ್ತು. ಇದು ಬೇರೆ ಕೇಸ್, ಒಪ್ಪಿದೆ.

ಹಳೇ ಸ್ಟೇರಿಂಗ್ · ರಾತ್ರಿ 10:55

ಮಾಲೀಕರು 'ನಿಧಾನವಾಗಿ' ಅಂದರಲ್ಲ, ಅದರ ಬಗ್ಗೆ ಎರಡು ಮಾತು. ಎಲ್ಲ ಮಾಲೀಕರೂ ಇದನ್ನೇ ಹೇಳುತ್ತಾರೆ, ನಾವೂ ನಂಬುತ್ತೇವೆ.

ಸಕಲೇಶಪುರ ಸಮುದ್ರಕ್ಕಿಂತ 900 ಮೀಟರಿಗೂ ಮೇಲಿದೆ. ಗುಂಡ್ಯ ಬುಡದಲ್ಲಿದೆ. ನೀನು ಹತ್ತರಲ್ಲಿ ಹೋಗು, ನಲವತ್ತರಲ್ಲಿ ಹೋಗು, ಮೂವತ್ತೈದು ಟನ್ ಗಾಡಿ ಅಷ್ಟೂ ಎತ್ತರ ಇಳಿಯಲೇಬೇಕು. ಆ ಭಾರವನ್ನು ಯಾರಾದರೂ ತಡೆಯಬೇಕು. ಒಂದೋ ಇಂಜಿನ್, ಇಲ್ಲ ಬ್ರೇಕ್ ಡ್ರಮ್.

ಚಿಕ್ಕ ಗೇರಿನಲ್ಲಿ ಎಕ್ಸಾಸ್ಟ್ ಬ್ರೇಕ್ ಹಾಕಿ ಇಳಿಸಿದೆ ಅಂತ ಇಟ್ಟುಕೋ. ಅದು ಹಿಡಿಯುವುದು ಮುಂದಿನ ಹಾರ್ಸ್‌ನ, ಅಂದರೆ ಎಳೆಯುವ ಇಂಜಿನ್ ಗಾಡಿಯ, ಗಾಲಿ ಮಾತ್ರ. ಹಿಂದಿನ ಟ್ರೇಲರ್ ಸುಮ್ನೆ ಹಾರ್ಸ್ ಮೇಲೆ ಬಂದು ಒರಗುತ್ತದೆ. ಟ್ರೇಲರ್ ನೆಟ್ಟಗಿದ್ದರೆ ನೆಟ್ಟಗೆ ತಳ್ಳುತ್ತದೆ. ನಿನ್ನದು ಅಡ್ಡ ಇದೆ, ಓರೆಯಾಗಿ ತಳ್ಳುತ್ತದೆ. ಮಂಜಿಗೆ ಒದ್ದೆಯಾದ ಕಾಂಕ್ರೀಟ್ ರಸ್ತೆ, ತಿರುವು. ಹಾರ್ಸ್ ಪಕ್ಕಕ್ಕೆ ಜಾರಿತು ಅಂದರೆ ಕತ್ತರಿ ಹಾಗೆ ಮಡಚಿಕೊಳ್ಳುತ್ತದೆ. ಮಾರನಹಳ್ಳಿ ದಾಟಿದ ಮೇಲೆ ಒಂದು ಕಡೆ ಗುಡ್ಡ, ಒಂದು ಕಡೆ ಕೆಂಪುಹೊಳೆ. ಎದುರಿಗೆ ರಾತ್ರಿ ಬಸ್ಸುಗಳು ಸಾಲಾಗಿ ಬರುತ್ತಿರುತ್ತವೆ.

ಬ್ರೇಕ್ ಒತ್ತಿ ಇಳಿಸುತ್ತೇನೆ ಅಂದರೆ, ಒಂದೊಂದು ಸಲ ಒತ್ತಿದಾಗಲೂ ಆ ಆಕ್ಸಲ್ ಇನ್ನೊಂದು ಚೂರು ಹಿಂದಕ್ಕೆ. ಬಿಗಿದಿರುವ ಪೈಪ್ ಯಾವುದೋ ಒಂದು ತಿರುವಿನಲ್ಲಿ ಕಿತ್ತುಬಂತು ಅನ್ನು. ಏರ್ ಹೋಗುತ್ತದೆ. ಏರ್ ಪೂರ್ತಿ ಇಳಿದರೆ ಸ್ಪ್ರಿಂಗ್ ಬ್ರೇಕ್ ತಾನಾಗೇ ಕಚ್ಚಿಕೊಂಡು ಟ್ರೇಲರ್ ಗಾಲಿ ಲಾಕ್ ಆಗುತ್ತವೆ. ಅದು ಎಲ್ಲಿ ಆಗುತ್ತದೆ ಅಂತ ನೀನು ಆರಿಸುವ ಹಾಗಿಲ್ಲ.

ನಲವತ್ತು ವರ್ಷ ಓಡಿಸಿದವನು ಹೇಳುತ್ತಿದ್ದೇನೆ, ಇಳಿಸಬೇಡ.

ಒಂಟಾರಿಯೊ ಕನ್ನಡಿಗ · ರಾತ್ರಿ 11:02

ನಾನು ಕೆನಡಾದಲ್ಲಿ ಟ್ರೇಲರ್ ಓಡಿಸುತ್ತೇನೆ, ಊರು ಅರಸೀಕೆರೆ. ಇಲ್ಲಿ ಇದಕ್ಕೆ ಚರ್ಚೆಯೇ ಇಲ್ಲ. ಮೇನ್ ಪ್ಲೇಟ್ ಮುರಿದಿದ್ದರೆ, ಇಲ್ಲ ಒಂದು ಯು ಬೋಲ್ಟ್ ಸಡಿಲ ಇದ್ದರೂ ತಪಾಸಣೆಯವರು ಗಾಡಿಯನ್ನು ಅಲ್ಲೇ ನಿಲ್ಲಿಸುತ್ತಾರೆ. ರಿಪೇರಿ ಆಗುವವರೆಗೆ ಕದಲಿಸುವ ಹಾಗಿಲ್ಲ. ಒಟ್ಟು ಬ್ರೇಕ್‌ಗಳಲ್ಲಿ ಶೇಕಡಾ 20ರಷ್ಟು ಕೆಟ್ಟಿದ್ದರೂ ಅಷ್ಟೇ. ದಿನಾ ಹೊರಡುವ ಮುಂಚೆ ಗಾಡಿ ಸುತ್ತ ನೋಡಿ ಬರೆದಿಡಬೇಕು, ಆ ತಪಾಸಣೆ 24 ಗಂಟೆಗೆ ಮಾತ್ರ.

ಹಳೇ ಸ್ಟೇರಿಂಗ್ · ರಾತ್ರಿ 11:05

ಸರಿ ಸ್ವಾಮಿ, ನಿಮ್ಮಲ್ಲಿ ನಿಲ್ಲಿಸಿದರೆ ಟೋ ಬರುತ್ತದೆ. ಇಲ್ಲಿ ನಿಲ್ಲಿಸಿದರೆ ಹಿಂದಿನಿಂದ ಬಸ್ ಬರುತ್ತದೆ.

ಒಂಟಾರಿಯೊ ಕನ್ನಡಿಗ · ರಾತ್ರಿ 11:08

ಹ್ಹಹ್ಹ, ನಿಜ. ಆದರೆ ಇಲ್ಲೂ ಡಿಸ್ಪ್ಯಾಚಿನವನು 'ಸ್ವಲ್ಪ ನೋಡಿಕೊಂಡು ಬಾ' ಅಂತಲೇ ಫೋನ್ ಮಾಡೋದು. ಆ ಮಾತಿಗೆ ದೇಶ ಇಲ್ಲ.

ಎರಡನೇ ಗೇರ್ · ರಾತ್ರಿ 11:10

ಈಗ ಏನು ಮಾಡಲಿ ಅಣ್ಣ? ಎರಡು ಕಿಮೀ ಮುಂದೆ ಬಾಳ್ಳುಪೇಟೆ ಹತ್ತಿರ ಒಂದು ಬಂಕ್ ಇದೆ, ದೊಡ್ಡ ಜಾಗ. ಇಲ್ಲೇ ನಿಂತರೆ ಮಂಜು ಜಾಸ್ತಿ ಆಗುತ್ತಿದೆ. ಈಗಷ್ಟೇ ಒಂದು ಕಾರು ತ್ರಿಕೋನ ನೋಡಿ ಕಿರ್ರನೆ ಬ್ರೇಕ್ ಹಾಕಿ ಪಕ್ಕಕ್ಕೆ ಎಳೆದುಕೊಂಡು ಹೋಯಿತು.

ಪ್ಲೇಟ್ ಕೆಲಸ · ರಾತ್ರಿ 11:17

ಅಲ್ಲಿಯವರೆಗೆ ಏರು ಇಳಿತ ಇದೆಯಾ? ಸಮ ಇದ್ದರೆ ಬಂಕಿಗೆ ಹೋಗಿ. ಎರಡು ಕಿಮೀ ನಡಿಗೆಯ ಸ್ಪೀಡಲ್ಲಿ ಸುರಕ್ಷಿತ ಜಾಗಕ್ಕೆ ಹೋಗುವುದು ಬೇರೆ, 26 ಕಿಮೀ ಘಾಟಿ ಇಳಿಸುವುದು ಬೇರೆ.

ಹೊರಡುವ ಮುಂಚೆ ಸಡಿಲ ನಟ್ ಬಿಗಿ ಮಾಡಿ, ಪಾನಕ್ಕೆ (ಸ್ಪ್ಯಾನರ್‌ಗೆ) ಪೈಪ್ ಕೊಟ್ಟು ಎಷ್ಟು ಬರುತ್ತದೋ ಅಷ್ಟು. ಇದು ರಿಪೇರಿ ಅಲ್ಲ, ಎರಡು ಕಿಮೀಗೆ ಮಾತ್ರ. ನಡುವಿನ ಆಕ್ಸಲ್ ಎಡಗಡೆ ಟೈರ್ ಎಲ್ಲಾದರೂ ಹ್ಯಾಂಗರ್‌ಗೋ ಹಿಂದಿನ ಟೈರಿಗೋ ತಾಗುತ್ತಿದೆಯಾ ನೋಡಿ. ತಾಗುತ್ತಿದ್ದರೆ ಕದಲಿಸಬೇಡಿ.

ಬ್ರೇಕ್ ಬೂಸ್ಟರ್ ಬಿಚ್ಚಬೇಡಿ. ಯಾರೋ ಬಂದು 'ನಾನು ಬಿಚ್ಚಿ ಕೊಡುತ್ತೇನೆ' ಅಂದರೂ ಬಿಡಬೇಡಿ. ಒಳಗಿನ ಸ್ಪ್ರಿಂಗ್ ಒತ್ತಿಕೊಂಡು ಕೂತಿರುತ್ತದೆ, ಕ್ಲಾಂಪ್ ಬಿಚ್ಚಿದರೆ ಗುಂಡಿನ ಹಾಗೆ ಹಾರುತ್ತದೆ.

ಹಳೇ ಸ್ಟೇರಿಂಗ್ · ರಾತ್ರಿ 11:21

ಅದರ ಜೊತೆ 1033ಕ್ಕೆ ಫೋನ್ ಮಾಡು. ರಾಷ್ಟ್ರೀಯ ಹೆದ್ದಾರಿಯ ನಂಬರ್, ಗಸ್ತು ಗಾಡಿ ಕಳಿಸಿ ಅನ್ನು. ಅವರ ಗಾಡಿಯ ದೀಪ ನಿನ್ನ ಹಿಂದೆ ಬಂದರೆ ಅದೇ ದೊಡ್ಡ ಸಹಾಯ. ಯಾರಿಗಾದರೂ ಪೆಟ್ಟಾದರೆ 112.

ಹುಡುಗ ರಸ್ತೆ ಅಂಚಿನಲ್ಲಿ, ಟ್ರೇಲರ್ ಪಕ್ಕಕ್ಕೆ ಅಲ್ಲ, ಸ್ವಲ್ಪ ಹಿಂದೆ ನಡೆದು ಬರಲಿ. ಗಾಲಿ ಕಡೆ ಕಣ್ಣು. ವಾಸನೆ ಬಂದರೆ ಕೂಗಲಿ. ಬ್ರೇಕ್ ಒತ್ತಬೇಡ, ಮೊದಲ ಗೇರಿನಲ್ಲಿ ಇಂಜಿನ್ ಮೇಲೆ ಬಿಡು.

ಬುಕಿಂಗ್ ಗುಮಾಸ್ತ · ರಾತ್ರಿ 11:30

ಗಾಡಿ ವಿಷಯ ನನಗೆ ಅಷ್ಟು ಗೊತ್ತಿಲ್ಲ, ಕಾಗದದ ವಿಷಯ ಹೇಳುತ್ತೇನೆ.

ಬಾಕ್ಸ್ ಬಾಗಿಲು ಯಾವ ಕಾರಣಕ್ಕೂ ತೆಗೆಯಬೇಡಿ. ಎಕ್ಸ್‌ಪೋರ್ಟ್ ಸೀಲ್ ಇರುತ್ತದೆ. ಕ್ರೇನ್ ತರಿಸಿ ಬಾಕ್ಸನ್ನೇ ಎತ್ತಿ ಬೇರೆ ಟ್ರೇಲರ್‌ಗೆ ಇಡಬೇಕು. ಗಾಡಿ ನಂಬರ್ ಬದಲಾದರೆ ಇ-ವೇ ಬಿಲ್‌ನ (ಸರಕು ಸಾಗಿಸುವ ಆನ್‌ಲೈನ್ ಬಿಲ್) ಪಾರ್ಟ್ ಬಿಯಲ್ಲಿ ಹೊಸ ನಂಬರ್ ಹಾಕಿಸಿಕೊಂಡೇ ಹೊರಡಿ. ಹೊಸ ಬಿಲ್ ಬೇಡ. ಸಮಯ ಮುಗಿಯುವ ಹಾಗಿದ್ದರೆ, ಮುಗಿಯುವುದಕ್ಕೆ 8 ಗಂಟೆ ಮುಂಚೆಯಿಂದ ಮುಗಿದು 8 ಗಂಟೆವರೆಗೆ ವಿಸ್ತರಿಸಬಹುದು. ಕಾರಣ ಕೇಳುತ್ತದೆ, ಗಾಡಿ ಕೆಟ್ಟಿದೆ ಅಂತ ಹಾಕಿ. ಇ-ಸೀಲ್ ವಿವರದಲ್ಲೂ ಗಾಡಿ ನಂಬರ್ ಹೋಗಿರುತ್ತದೆ, ಹಾಗಾಗಿ ಕ್ಲಿಯರಿಂಗ್ ಏಜೆಂಟರಿಗೆ ಈಗಲೇ ಹೇಳಿಬಿಡಿ. ಬೆಳಿಗ್ಗೆ ಗೇಟ್ ಮುಂದೆ ನಿಂತು ಹೇಳಿದರೆ ಅವರೂ ಏನು ಮಾಡಲಿಕ್ಕಾಗಲ್ಲ.

ಇನ್ನೊಂದು. ಮೋಟಾರು ವಾಹನ ಕಾಯ್ದೆಯ 190ನೇ ಕಲಂ ಒಮ್ಮೆ ಓದಿ. ಕೆಟ್ಟ ಗಾಡಿ ಓಡಿಸಿದವನು ಮಾತ್ರ ಅಲ್ಲ, ಓಡಿಸಲು ಹೇಳಿದವನು, ಬಿಟ್ಟವನು ಎಲ್ಲರೂ ಬರುತ್ತಾರೆ. 'ಟ್ರೇಲರ್' ಅನ್ನುವ ಪದ ಅದರಲ್ಲೇ ಇದೆ. 2019ರ ತಿದ್ದುಪಡಿ ಆದಮೇಲೆ 1,500 ರೂಪಾಯಿ ದಂಡ. ಅದರಿಂದ ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ ಮೂರು ತಿಂಗಳವರೆಗೆ ಜೈಲು, ಇಲ್ಲ 5,000 ದಂಡ, ಇಲ್ಲ ಎರಡೂ. ಗೊತ್ತಿರಲಿಲ್ಲ ಅಂದರೂ ನಡೆಯಲ್ಲ, ನೋಡಿದ್ದರೆ ಗೊತ್ತಾಗುತ್ತಿತ್ತಾ ಅಂತ ಕೇಳುತ್ತದೆ.

ಮಾಲೀಕರಿಗೆ ಫೋನಲ್ಲಿ ವಾದ ಮಾಡಬೇಡಿ. ಫೋಟೋ ಕಳಿಸಿ, ಕೆಳಗೆ 'ಇಳಿಸಲಾ?' ಅಂತ ಬರೆಯಿರಿ. ಬರಹದಲ್ಲಿ ಉತ್ತರ ಕೊಡುವಾಗ ಮನುಷ್ಯ ಎರಡು ಸಲ ಯೋಚಿಸುತ್ತಾನೆ.

ಲೈನ್ ರಾಜ · ರಾತ್ರಿ 11:34

ಗುಮಾಸ್ತರೇ, ಇದು ಮಾತ್ರ ಸೂಪರ್.

ಎರಡನೇ ಗೇರ್ · ಮಧ್ಯರಾತ್ರಿ 12:50

ಬಂಕಿಗೆ ಬಂದು ತಲುಪಿದೆ. ಎರಡು ಕಿಮೀಗೆ ನಲವತ್ತು ನಿಮಿಷ. ಗಸ್ತು ಗಾಡಿಯವರು ಹಿಂದೆ ದೀಪ ಹಾಕಿಕೊಂಡು ಬಂದರು. ಬಂಕಿನವರು ಮೊದಲು ಬೇಡ ಅಂದರು, ಆಮೇಲೆ ಟ್ರೇಲರ್ ನಿಂತ ಭಂಗಿ ನೋಡಿ 'ಬೆಳಿಗ್ಗೆ ಟ್ಯಾಂಕರ್ ಬರೋದರೊಳಗೆ ಸರಿಸಿ' ಅಂದರು.

ಮಾಲೀಕರಿಗೆ ಗುಮಾಸ್ತರು ಹೇಳಿದ ಹಾಗೆ ಕಳಿಸಿದೆ. ನಾಲ್ಕು ಫೋಟೋ, ಕೆಳಗೆ 'ಇಳಿಸಲಾ?'. ಎರಡು ನೀಲಿ ಗೀಟು ಬಂದು ಇಪ್ಪತ್ತು ನಿಮಿಷ ಆಯಿತು. ಆಮೇಲೆ ಒಂದೇ ಸಾಲು: 'ಅಲ್ಲೇ ಇರು, ಬೆಳಿಗ್ಗೆ ಮಾತಾಡೋಣ.'

ಹಳೇ ಸ್ಟೇರಿಂಗ್ · ಮಧ್ಯರಾತ್ರಿ 12:53

ಮಲಗು. ಹುಡುಗನಿಗೆ ಊಟ ಆಯಿತಾ ಕೇಳು.

ಎರಡನೇ ಗೇರ್ · ಮಾರನೇ ದಿನ, ಸಂಜೆ 6:15

ಎಲ್ಲರಿಗೂ ಹೇಳಬೇಕಿತ್ತು, ಅದಕ್ಕೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ಹಾಸನದಿಂದ ಮಿಸ್ತ್ರಿ ಬಂದರು, ವಯಸ್ಸಾದವರು. ಬಂದವರೇ ಸ್ಪ್ಯಾನರ್ ಮುಟ್ಟಲಿಲ್ಲ. ಬಂಕಿನ ನೀರಿನ ಪೈಪ್ ಕೇಳಿ ಇಸಿದುಕೊಂಡು ಹ್ಯಾಂಗರ್‌ಗೆ ನೀರು ಹೊಡೆದರು. ಒಣಗಿದ ಕೆಸರೆಲ್ಲ ಇಳಿಯಿತು. ಆಮೇಲೆ ನನ್ನನ್ನು ಕರೆದು ಬೆರಳು ಇಟ್ಟು ತೋರಿಸಿದರು. ಟಾರ್ಕ್ ಆರ್ಮ್ ಕೂರುವ ಹ್ಯಾಂಗರ್‌ನ ವೆಲ್ಡಿಂಗ್ ಚಾಸಿಸ್ ಹತ್ತಿರ ಸೀಳಿತ್ತು. ಮೂರು ಭಾಗದಲ್ಲಿ ಎರಡು ಭಾಗ ಬಿಟ್ಟಿತ್ತು. ಹಳೆ ಸೀಳು ತುಕ್ಕು ಹಿಡಿದು ಕಪ್ಪಗಿತ್ತು, ಹೊಸ ಸೀಳು ಬೆಳ್ಳಿ ಹಾಗೆ ಹೊಳೆಯುತ್ತಿತ್ತು. ಆ ಹೊಳೆಯುವ ಭಾಗ ನಿನ್ನೆದು ಅಂದರು.

ರಾತ್ರಿ ಟಾರ್ಚ್ ಬಿಟ್ಟಾಗ ನನಗೆ ಕಂಡದ್ದು ಬರೀ ಕೆಸರು.

ಸೆಂಟರ್ ಬೋಲ್ಟ್ ಎರಡು ತುಂಡು, ಪ್ಲೇಟ್ ಕೆಲಸದ ಅಣ್ಣ ಹೇಳಿದ ಹಾಗೇ.

ಹತ್ತೂವರೆಗೆ ಕ್ರೇನ್ ಬಂತು, ಬೇರೆ ಟ್ರೇಲರ್ ಬಂತು. ಬಾಕ್ಸ್ ಎತ್ತಿ ಇಡುವುದಕ್ಕೆ ಹದಿನೈದು ನಿಮಿಷವೂ ಆಗಲಿಲ್ಲ. ಗೇಟಿಗೆ ತಡವಾಯಿತು, ಹಡಗು ತಪ್ಪಿತು. ಮುಂದಿನದಕ್ಕೆ ಹಾಕುತ್ತಾರಂತೆ. ಮಾಲೀಕರ ಮುಖ ಇನ್ನೂ ಗಂಟಿಕ್ಕಿದೆ. ಕ್ರೇನ್ ದುಡ್ಡು ನನ್ನ ಬಾಟಾದಲ್ಲಿ (ಭತ್ಯೆಯಲ್ಲಿ) ಹಿಡಿಯುವ ಮಾತು ಒಂದು ಸಲ ಬಂತು. ಸೀಳಿನ ಫೋಟೋ ತೋರಿಸಿದೆ, ಮತ್ತೆ ಆ ಮಾತು ಬರಲಿಲ್ಲ.

ಲೈನ್ ರಾಜ · ಸಂಜೆ 6:22

ಆ ಫೋಟೋ ಇಲ್ಲೂ ಹಾಕು ಗುರು. ನಾಳೆ ನನ್ನ ಟ್ರೇಲರ್‌ಗೂ ನೀರು ಹೊಡೆಸುತ್ತೇನೆ.

ಪ್ಲೇಟ್ ಕೆಲಸ · ಸಂಜೆ 6:40

ಹ್ಯಾಂಗರ್ ಹೊಸದು ಹಾಕಿದರಾ, ಹಳೆಯದಕ್ಕೇ ವೆಲ್ಡಿಂಗ್ ತುಂಬಿದರಾ? ಯು ಬೋಲ್ಟ್ ಹಳೆಯದನ್ನೇ ಮತ್ತೆ ಹಾಕಲು ಬಿಡಬೇಡಿ. ಒಮ್ಮೆ ಎಳೆದು ಉದ್ದ ಆದ ಬೋಲ್ಟ್ ಮತ್ತೆ ಬಿಗಿ ಹಿಡಿಯಲ್ಲ. ಮತ್ತೆ ಆ ಕಡೆ ಬುಷ್ ಹೋಗಿದೆ ಅಂದರೆ ಈ ಕಡೆಯದೂ ಅದೇ ವಯಸ್ಸಿನದು, ಅಲ್ವಾ?

ಎರಡನೇ ಗೇರ್ · ಸಂಜೆ 7:05

ಹ್ಯಾಂಗರ್ ಹೊಸದು, ನಾಲ್ಕೂ ಯು ಬೋಲ್ಟ್ ಹೊಸದು. ಬುಷ್ ಆರೂ ಬದಲಾಯಿಸಿ ಅಂದೆ, ಎರಡಕ್ಕೆ ಒಪ್ಪಿದ್ದಾರೆ. ಉಳಿದದ್ದು ಮುಂದಿನ ತಿಂಗಳಂತೆ. ನಾಳೆ ಖಾಲಿ ಟ್ರೇಲರ್ ತಗೊಂಡು ಹಾಸನಕ್ಕೆ, ಅಲ್ಲಿಂದ ಮತ್ತೆ ಲೋಡು.

ಹಳೇ ಸ್ಟೇರಿಂಗ್ · ಸಂಜೆ 7:11

ಲೋಡ್ ಆಗಿ ನೂರು ಕಿಮೀ ಓಡಿದ ಮೇಲೆ ಹೊಸ ಯು ಬೋಲ್ಟ್ ಇನ್ನೊಂದು ಸಲ ಬಿಗಿ ಮಾಡಿಸಬೇಕು. ಮಿಸ್ತ್ರಿ ಹೇಳಿದರಾ?

ಎರಡನೇ ಗೇರ್ · ಸಂಜೆ 7:14

ಹೇಳಿದರು. ಆದರೆ ಹಾಸನದಿಂದ ನೂರು ಕಿಮೀ ಅಂದರೆ ಘಾಟಿ ಇಳಿದ ಮೇಲೆ ಬರುತ್ತದೆ ಅಣ್ಣ.

ಹಳೇ ಸ್ಟೇರಿಂಗ್ · ಸಂಜೆ 7:15

ಹಾಗಾದರೆ ಸಕಲೇಶಪುರದಲ್ಲೇ ಒಂದು ಸಲ ಪಾನ ಹಾಕಿಸಿಕೊಂಡು ಇಳಿ. ಗುಂಡ್ಯದಲ್ಲಿ ಟೀ ಕುಡಿಯುವಾಗ ಮತ್ತೊಂದು ಸಲ.